ನೌಕೆಯ ಮೇಲಿನ ಹೆಬ್ಬೆರಳು

ಸಿನಿಮಾ ತೆರೆಯ ಮೇಲೆ ಬಾಹ್ಯಾಕಾಶ ನೌಕೆ ಮೆಲ್ಲನೆ ಮಗ್ಗುಲು ಬದಲಿಸಿದಾಗ ಮುದುಕ ಬಡಗಿ ಸೀಟಿನಲ್ಲಿ ಮುಂದಕ್ಕೆ ಬಾಗಿದ. ನೌಕೆಯ ಹೊಟ್ಟೆಯ ಮೇಲೆ, ಉತ್ತ ಹೊಲದಷ್ಟು ಅಗಲವಾಗಿ, ಅವನದೇ ಹೆಬ್ಬೆರಳಿನ ಗುರುತಿತ್ತು.

ಹನ್ನೆರಡು ವರ್ಷದ ಹಿಂದೆ ಈ ಸಿನಿಮಾದ ಮೊದಲ ಭಾಗಕ್ಕೆ ಆ ನೌಕೆಯನ್ನು ಮೊಳದುದ್ದದ ಮರದಲ್ಲಿ ಕೆತ್ತಿಕೊಟ್ಟವನು ಅವನೇ. ಬಣ್ಣ ಒಣಗುವ ಮೊದಲೇ ಮುಟ್ಟಿ ಕೆಡಿಸಿ, ಆ ಮಗ್ಗುಲು ಕ್ಯಾಮೆರಾಗೆ ಕಾಣದಂತೆ ಗೋಡೆಗೆ ತಿರುಗಿಸಿ ನಿಲ್ಲಿಸಿದ್ದ. ಈ ಎರಡನೇ ಭಾಗಕ್ಕೆ ಅವನನ್ನು ಯಾರೂ ಕರೆಯಲಿಲ್ಲ. ಕಂಪ್ಯೂಟರಿನವರು ಬಂದು ಮರದ ನೌಕೆಯನ್ನು ಸ್ಕ್ಯಾನ್ ಮಾಡಿಕೊಂಡು ಹೋದರು, ಅಷ್ಟೆ. ಸಿನಿಮಾ ಶುರುವಾದಾಗಿನಿಂದ ಅವರಿಗೆ ಹಿಡಿಶಾಪ ಹಾಕುತ್ತಲೇ ಕೂತಿದ್ದ. ಕಥೆಗಂತೂ ತಲೆಬುಡವಿರಲಿಲ್ಲ, ಇಂಟರ್‌ವಲ್‌ಗೆ ಎದ್ದುಹೋದ ಅರ್ಧ ಜನ ವಾಪಸ್ ಬಂದಿರಲಿಲ್ಲ.

"ಅದು ನಿಮ್ಮ ಬೆರಳಲ್ವಾ?" ಎಂದಳು ಪಕ್ಕದಲ್ಲಿದ್ದ ಹೆಂಡತಿ. "ಉಳಿ ತಾಗಿದ ಗೆರೆ ಕೂಡ ಹಾಗೇ ಇದೆ."

"ಹ್ಞೂಂ. ಅಳಿಸೋಕೆ ಅವ್ರಿಗೆ ಒಂದು ನಿಮಿಷ ಸಾಕಿತ್ತು. ಯಾರೋ ಬೇಕಂತಲೇ ಉಳಿಸಿದ್ದಾರೆ ಕಣೇ."

ಸಿನಿಮಾ ಮುಗಿದು ದೀಪ ಹತ್ತಿತು. ಹೆಂಡತಿ ಕಾಲಲ್ಲೇ ಚಪ್ಪಲಿ ತಡಕಿ ಎದ್ದಳು. ತೆರೆಯ ಮೇಲೆ ಕಂಪ್ಯೂಟರಿನವರ ಹೆಸರುಗಳು ಇರುವೆ ಸಾಲಿನಂತೆ ಮೇಲೇರತೊಡಗಿದ್ದವು.

"ಏಳಿ, ಅದರಲ್ಲಿ ನಿಮ್ಮ ಹೆಸರು ಬರಲ್ಲ."

"ನಂದಲ್ಲ, ಉಳಿಸಿದವರದ್ದು ನೋಡ್ಬೇಕು. ಯಾರು ಅಂತ ಗೊತ್ತಿಲ್ವಲ್ಲ" ಎಂದ ಬಡಗಿ, ಕನ್ನಡಕ ಒರೆಸಿಕೊಂಡು, ಖಾಲಿಯಾಗುತ್ತಿದ್ದ ಚಿತ್ರಮಂದಿರದಲ್ಲಿ ಒಂದು ಹೆಸರನ್ನೂ ಬಿಡದೆ ಓದತೊಡಗಿದ.