ಹೆದರಿಕೆ ಹೋದ ಮರಿಗಳು

ಹೋದ ವರ್ಷ ಪಕ್ಕದ ಸಿಗಡಿ ಕೆರೆಯ ನಾರ್ಣ ತನ್ನ ದೋಣಿಯ ಇಂಜಿನ್ ಆಯಿಲನ್ನು ಹೊಳೆಗೆ ಚೆಲ್ಲಿದ್ದ. ಉಬ್ಬರದ ನೀರು ತುಂಬಿಕೊಳ್ಳಲು ಶೀನ ತೂಬು ತೆಗೆದಾಗ ಅದು ಅವನ ಸಿಗಡಿ ಕೆರೆಗೂ ನುಗ್ಗಿತ್ತು. ಸಿಗಡಿ ಮರಿಗಳೇನೂ ಸಾಯಲಿಲ್ಲ, ಅವಕ್ಕೆ ಹೆದರಿಕೆಯೇ ಹೋಯಿತು. ಕೊಕ್ಕರೆಯ ನೆರಳು ಬಿದ್ದರೂ ಓಡದೆ ನಿಂತಲ್ಲೇ ನಿಂತವು. ಕೊಕ್ಕರೆಗಳು ಕೆರೆಯನ್ನೇ ಬರಿದು ಮಾಡಿದವು.

"ಕೊಕ್ಕರೆ ತಿಂದ್ರೆ ನಾನೆಂತ ಮಾಡುದ್ ಮಾರಾಯ?" ಎಂದು ನಾರ್ಣ ನಕ್ಕಿದ್ದ.

ಆ ನಗುವನ್ನು ಶೀನ ಮರೆತಿರಲಿಲ್ಲ. ನಿನ್ನೆ ಸಂಜೆ ಉಬ್ಬರ ಏರುವಾಗ ನಾರ್ಣನ ಕೆರೆಯ ತೂಬಿನೆದುರು ಹೊಳೆಗೆ ಒಂದು ಕ್ಯಾನ್ ಹಳೇ ಆಯಿಲ್ ಸುರಿದ. ಆ ಖುಷಿಗೆ ಪೇಟೆಯಲ್ಲಿ ಕುಡಿದು ಅಲ್ಲೇ ಮಲಗಿದ.

ಬೆಳಿಗ್ಗೆ ನಾರ್ಣನ ಕೆರೆಯ ದಂಡೆಯಲ್ಲಿ ನಿಂತು ಕೈ ಬೀಸಿದ. ನೆರಳು ಬಿದ್ದದ್ದೇ ತಡ, ಮರಿಗಳು ಚಂಗನೆ ಚದುರಿದವು.

"ನಿನ್ನೆ ತೂಬ್ ತೆಗಿಲಿಲ್ಯಾ?" ಎಂದು ದಂಡೆಗೆ ಬಂದ ನಾರ್ಣನನ್ನು ಕೇಳಿದ.

"ಬೊಂಬಾಯಿಲಿ ದೊಡ್ಡಪ್ಪ ಹೋದ್ರಲ್ಲ," ಎಂದ ನಾರ್ಣ. "ಸೂತಕದಲ್ಲಿ ತೂಬ್ ಮುಟ್ಟುಕಿಲ್ಲೆ."

ಶೀನ ತನ್ನ ಕೆರೆಗೆ ಓಡಿದ. ಹೆಂಡತಿ ದಂಡೆಯಲ್ಲಿದ್ದಳು.

"ನಿನ್ನೆ ಸಂಜೆ ನೀವ್ ಬಪ್ದ್ ಕಾಣ್ಲಿಲ್ಲೆ," ಎಂದಳು. "ಉಬ್ಬರ ತಪ್ಪಿ ಹೋತ್ ಅಂದ್ಹೇಳಿ ನಾನೇ ತೂಬ್ ತೆಗ್ದೆ."

ಅವನು ನೀರಿನ ಮೇಲೆ ಬಾಗಿದ. ಅವನ ನೆರಳಿನಡಿಯಲ್ಲಿ ಒಂದು ಮರಿಯೂ ಅಲುಗಲಿಲ್ಲ.