ಮೂರನೆಯ ಪಟ್ಟಿ

ಎರಡನೆಯ ಪಟ್ಟಿಯೂ ಅಂಚಿನಲ್ಲಿ ಚಟ್ಟನೆ ಸೀಳಿತು. ಕಮ್ಮಾರ ಸುತ್ತಿಗೆ ಪಕ್ಕಕ್ಕೆಸೆದು ಹಿತ್ತಲಿನ ಕುಲುಮೆಯ ಮುಂದೆ ಕುಕ್ಕರಿಸಿದ. ಹಳೆಯ ಸ್ಟೀಲ್ ತಟ್ಟೆ ಕತ್ತರಿಸಿ ಮಾಡಿಕೊಂಡಿದ್ದ ಮೂರು ತೆಳು ಪಟ್ಟಿಗಳಲ್ಲಿ ಇನ್ನು ಉಳಿದದ್ದು ಒಂದೇ.

ಪಾರ್ಶ್ವವಾಯು ಬಡಿದ ಮೇಲೆ ಅವನ ಹೆಂಡತಿಯ ತೋಳು ಏಳುತ್ತಿತ್ತು, ಬೆರಳುಗಳು ಮಾತ್ರ ಏನನ್ನೂ ಹಿಡಿಯುತ್ತಿರಲಿಲ್ಲ. ಅಂಗೈ ಸುತ್ತ ಬಳೆಯಂತೆ ಕೂರುವ ಪಟ್ಟಿಗೆ ಚಮಚ ಜೋಡಿಸಿದರೆ ಅವಳೇ ಉಣ್ಣಬಹುದು. ಆದರೆ ಚರ್ಮ ಕೊಯ್ಯದಂತೆ ಅಂಚು ಮಡಚಲು ಹೋದರೆ ಹಾಳು ಸ್ಟೀಲು ಮೊಂಡು ಹಿಡಿಯುತ್ತಿತ್ತು.

"ಮಾವ, ಮೆತ್ತಗಾಗಲಿ ಅಂತ ಕಾಯಿಸಿ ಬೂದಿಯಲ್ಲಿ ಹೂಳಬೇಡಿ," ಎಂದಳು ಸೊಸೆ. ಅವಳಿಗೆ ಸ್ಟೀಲ್ ಪಾತ್ರೆ ಕಾರ್ಖಾನೆಯಲ್ಲಿ ಕೆಲಸ. ಮೂರು ತಿಂಗಳಿಂದ ಅತ್ತೆಗೆ ತುತ್ತಿಟ್ಟ ಮೇಲೆಯೇ ಪಾಳಿಗೆ ಓಡುತ್ತಿದ್ದಳು. "ಬರೀ ಕೆಂಪಾದ್ರೆ ಸಾಲದು. ಕಿತ್ತಳೆ ಬಣ್ಣ ದಾಟಿ ಹಳದಿಗೆ ತಿರುಗಬೇಕು. ಆಮೇಲೆ ಸೀದಾ ನೀರಿಗೆ. ಮೆತ್ತಗಾಗುತ್ತೆ."

ಕಮ್ಮಾರನಿಗೆ ನಗು ಬಂತು. "ಕಾದದ್ದನ್ನ ನೀರಿಗೆ ಹಾಕಿದ್ರೆ ಗಟ್ಟಿಯಾಗುತ್ತಮ್ಮ. ನಲವತ್ತು ವರ್ಷ ಕುಡುಗೋಲು ಬಡಿದಿದ್ದೀನಿ, ನನಗೆ ಹೇಳ್ತೀಯಾ?"

"ಅದು ಕಬ್ಬಿಣ, ಮಾವ. ಇದರ ಗುಣ ತಿರುಗಾಮುರುಗಾ."

"ಬಿಡಮ್ಮ," ಬಾಗಿಲ ಬಳಿಯ ಕುರ್ಚಿಯಿಂದ ಹೆಂಡತಿ ಕೂಗಿದಳು. "ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ಎರಡು ಪಟ್ಟಿ ಸೀಳಿದ್ರೂ ಅವರು ಮಾತ್ರ ಬಗ್ಗಲ್ಲ."

ಕಮ್ಮಾರ ಹೆಂಡತಿಯ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಆ ಕೈಯನ್ನು ನೋಡಿದ. ಇಕ್ಕಳವನ್ನು ಸೊಸೆಗೆ ಕೊಟ್ಟ. ತಿದಿ ಒತ್ತುವ ಕೆಲಸ ಅವನ ಪಾಲಿಗೆ ಬಂತು. ಪಟ್ಟಿ ಕೆಂಪಾಯಿತು, ಕಿತ್ತಳೆಯಾಯಿತು, ಹಳದಿಗೆ ತಿರುಗಿತು. ಸೊಸೆ ಬಕೆಟ್ಟಿಗೆ ಅದ್ದಿದಳು. ಚುಂಯ್ ಎಂದಿತು.

ಕಮ್ಮಾರ ಎತ್ತಿ ನೋಡಿದರೆ, ಹೆಬ್ಬೆರಳ ಒತ್ತಿಗೇ ಬಗ್ಗುತ್ತಿದೆ! ಅರ್ಧ ಅಂಚು ಮಡಚುವಷ್ಟರಲ್ಲಿ ಸುತ್ತಿಗೆಯ ಬಡಿತಕ್ಕೆ ಪಟ್ಟಿ ಮತ್ತೆ ಬಿಗಿಯಾಯಿತು. ಈ ಸಲ ಅವನೇ ಬಕೆಟ್ಟನ್ನು ಹತ್ತಿರ ಎಳೆದುಕೊಂಡ.

ಮಸಿ ಉಜ್ಜಿ, ಚಮಚ ಕೂಡಿಸಿದ್ದಾಯಿತು. ತನ್ನ ಕುಲುಮೆಯ ಕೆಲಸಕ್ಕೆಲ್ಲ ಒತ್ತುವ ನಕ್ಷತ್ರದ ಅಚ್ಚನ್ನು ಕಮ್ಮಾರ ಹೊರತೆಗೆದ. ಇದುವರೆಗೆ ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ.

"ತಗೋ. ಗುರುತು ನೀನು ಒತ್ತು."

"ನಾನಾ? ಕೆಲಸ ನಿಮ್ಮದು, ಮಾವ."

"ಮೂರು ತಿಂಗಳು ಅವಳಿಗೆ ಉಣಿಸಿದವಳು ನೀನು. ಈಗ ಅವಳ ಕೈಯನ್ನ ಅವಳಿಗೆ ವಾಪಸ್ ಕೊಟ್ಟವಳೂ ನೀನೇ." ಅವನು ಅಚ್ಚನ್ನು ಅವಳ ಕೈಗಿಟ್ಟ. "ನಿನ್ನ ಉಪಕಾರ ಮರೆಯಲ್ಲ ತಾಯಿ. ಒತ್ತು, ಒಂದೇ ಏಟು."

ಸೊಸೆ ಸುತ್ತಿಗೆ ಎತ್ತಿ ಒಂದು ಏಟು ಹಾಕಿದಳು. ನಕ್ಷತ್ರ ಓರೆಯಾಗಿ ಬಿತ್ತು.

ಅನ್ನದ ತಟ್ಟೆ ಮುಂದಿಟ್ಟು, ಪಟ್ಟಿ ತೊಡಿಸಿ, ಇಬ್ಬರೂ ನೋಡುತ್ತ ನಿಂತರು. ಮೊದಲ ಚಮಚ ಸೆರಗಿಗೆ ಚೆಲ್ಲಿತು. ಎರಡನೆಯದು ಅರ್ಧ ಬಾಯಿಗೆ ಬಂತು. ಮೂರನೆಯದು ಪೂರ್ತಿ.

"ನಕ್ಷತ್ರ ಸೊಟ್ಟಗಾಯ್ತು, ಅಲ್ವಾ ಅತ್ತೆ?" ಸೊಸೆ ಮೆಲ್ಲಗೆ ಕೇಳಿದಳು.

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ಈಗ ಯಾರೂ ಮಾತಾಡಿಸಬೇಡಿ. ನಾನು ಊಟ ಮಾಡ್ತಿದ್ದೀನಿ."