ಕೋಣೆಯಲ್ಲಿ ಇಬ್ಬರು

ಮನೆಯಲ್ಲೇ ಕೂತು ಕಡಿಮೆ ಫೀಸಿನಲ್ಲಿ ಬಿ.ಎ. ಓದುತ್ತಿದ್ದ ಹೇಮಲತೆಗೆ ಉಳಿದದ್ದು ಇದೊಂದೇ ಪೇಪರು. ಇದೂ ಹೋದರೆ ನೋಂದಣಿಯ ಅವಧಿಯೇ ಮುಗಿದು, ಓದಿದ್ದೆಲ್ಲ ನೀರಿನಲ್ಲಿ ಹೋಮ. ಬಾಗಿಲು ಮುಂದೆ ಮಾಡಿ ಆನ್‌ಲೈನ್ ಪರೀಕ್ಷೆಗೆಂದು ಲ್ಯಾಪ್‌ಟಾಪಿನೆದುರು ಕೂತಳು. ಕ್ಯಾಮೆರಾದಲ್ಲಿ ಕಣ್ಣಿಟ್ಟಿದ್ದ ಮೇಲ್ವಿಚಾರಕರ ದನಿ ಕೇಳಿಸಿತು.

“ಕೋಣೆಯಲ್ಲಿ ಇಬ್ಬರಿದ್ದೀರಲ್ಲ. ಹಿಂದಿರೋ ಯಜಮಾನ್ರನ್ನ ಹೊರಗೆ ಕಳಿಸಿ.”

ತಿರುಗಿ ನೋಡಿದಳು. ಗೋಡೆಯ ಮೇಲೆ ಹಾರ ಹಾಕಿದ ಮಾವನ ಫೋಟೊ.

“ಸರ್, ಅವರು ತೀರ್ಕೊಂಡಿದಾರೆ.”

“ಏನೇ ಆಗಿರ್ಲಿ, ಪರೀಕ್ಷೆ ಮುಗಿಯೋವರೆಗೂ ಹೊರಗಿರ್ಬೇಕು.”

ಅವಳು ಫೋಟೊ ಇಳಿಸಲು ಎದ್ದದ್ದೇ ತಡ, ಬಾಗಿಲ ಸಂದಿಯಿಂದ ನೋಡಿದ ಅತ್ತೆ ಗದರಿದರು. “ವರ್ಷಾಂತಿಕ ಆಗೋತನಕ ಅದನ್ನ ಇಳಿಸಬಾರದು ಕಣೇ!”

“ಒಂದು ಟವೆಲ್ಲಾದ್ರೂ ಮುಚ್ಲಾ ಅತ್ತೆ?”

“ಮುಖಕ್ಕೆ ಬಟ್ಟೆ ಮುಚ್ತೀಯಾ? ಅವರನ್ನ ಇನ್ನೊಂದು ಸಲ ಸಾಯಿಸ್ಬೇಕೇನೆ ನಿಂಗೆ?”

ಬೇರೆ ಕೋಣೆಗೆ ಹೋಗೋಣವೆಂದರೆ ಅಲ್ಲಿ ಸಿಗ್ನಲ್ಲೇ ಇಲ್ಲ. ಮತ್ತೆ ಬಂದು ಕೂತಳು.

“ಸರ್, ದಮ್ಮಯ್ಯ. ಅವರ ಪಾಡಿಗೆ ಅವರಿರ್ತಾರೆ, ಒಂದು ಮಾತೂ ಆಡಲ್ಲ.”

“ಸರಿ, ಶುರು ಮಾಡಿ. ಶಿಸ್ತಾಗಿರ್ಬೇಕು ಅಷ್ಟೆ.”

ಬರೆಯತೊಡಗಿದಳು. ಆದರೆ ಮಾವ ಮತ್ತೇನು ತೊಂದರೆ ತರುತ್ತಾರೋ ಎಂಬ ದಿಗಿಲಿಗೆ ಪ್ರತಿ ಉತ್ತರದ ನಡುವೆಯೂ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಅರ್ಧ ಮುಗಿಯುವಷ್ಟರಲ್ಲಿ ಪರದೆ ಕೆಂಪಾಯಿತು.

“ಏನಮ್ಮಾ, ಆಗಿನಿಂದ ಅವರದ್ದು ನೋಡ್ಕೊಂಡು ಕಾಪಿ ಹೊಡೀತಿದೀರಲ್ಲ! ಎದ್ದು ಹೊರಗೆ ನಡೀರಿ. ಆ ಯಜಮಾನ್ರು ಮುಂದುವರಿಸ್ಲಿ.”